ಮುಟ್ಟಲೇನವ್ವಾ

ಶರಣಕುಮಾರನಿಗೆ ಈಚೆಗೆ ತನ್ನ ಬಲಗೈಯನ್ನು ಎಲ್ಲಿಡಬೇಕೆಂಬುದೇ ತಿಳಿಯದಂತಾಗಿತ್ತು. ಮನೆಗೆ ಬಂದ ಹೊಸ ಬೀಗರನ್ನು ಎಲ್ಲಿ ಕೂಡಿಸಬೇಕು, ಏನು ಮಾತಾಡಿಸಬೇಕು ಎಂದು ತಡವರಿಸುವ ಹಾಗೆ ಆ ಕೈಯನ್ನು ಒಮ್ಮೆ ತೊಡೆಯ ಮೇಲಿಟ್ಟು, ಒಮ್ಮೆ ಕಿಟಕಿಯ ಸರಳಿಗೆ ಕೊಟ್ಟು, ಕಡೆಗೆ ಮಡಿಲಿನ ಚೀಲದ ಕೆಳಗೆ ಮುಚ್ಚಿಟ್ಟುಕೊಂಡು, ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಹುಮನಾಬಾದಿನ ಬಸ್ಸು ಹೊರಡುವುದನ್ನು ಕಾಯುತ್ತ ಕೂತಿದ್ದ. ಮಂಠಾಳದ ಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿ ಇಷ್ಟು ವರ್ಷ ಅವನು ಬದುಕಿದ್ದೇ ಆ ಕೈಯಿಂದ. ಬಾಯಿಂದ ಹೊಗಳುವುದು ಅವನಿಗೆ ಬರುತ್ತಿರಲಿಲ್ಲ. ಬಾಯಿ ತೆರೆದರೆ ಮಾತು ಗಂಟಲಲ್ಲೇ ಮುದ್ದೆಯಾಗಿ ಕೂಡುತ್ತಿತ್ತು. ಕಬಡ್ಡಿಯಲ್ಲಿ ಹುಡುಗಿಯೊಬ್ಬಳು ಎದುರಿನವರನ್ನು ಮುಟ್ಟಿ ಗೆರೆ ದಾಟಿ ಮರಳಿ ಬಂದರೆ ಅವಳ ಬೆನ್ನ ಮೇಲೆ ಒಂದು ಪೆಟ್ಟು, ಧೂಳು ಹಾರುವಂಥದು. ಆ ಪೆಟ್ಟಿನಲ್ಲಿ ಶಾಬಾಶ್ ಇತ್ತು, ಊಟ ಮಾಡಿ ಬಂದಿಯೋ ಇಲ್ಲವೋ ಎಂಬ ವಿಚಾರಣೆ ಇತ್ತು, ನಾಳೆ ತಪ್ಪಿಸಬೇಡ ಎಂಬ ತಾಕೀತೂ ಇತ್ತು. ಹುಡುಗಿಯರು ಅದನ್ನು ಓದಿಕೊಳ್ಳುವುದನ್ನು ಕಲಿತಿದ್ದರು. ಈಗ ಆ ಕೈಗೆ ಒಂದು ಕಾಯಿದೆ ಬಂದಿತ್ತು, ಅದೂ ಎಲ್ಲಿಂದಲೋ ಸಮುದ್ರದಾಚೆಯಿಂದ.

ಮಳೆಗಾಲದ ಮೊದಲಲ್ಲಿ ಹುಮನಾಬಾದಿನ ಒಂದು ಮಂಗಲ ಕಾರ್ಯಾಲಯದಲ್ಲಿ ತಾಲ್ಲೂಕುಗಳ ಪಿ.ಟಿ. ಮಾಸ್ತರರನ್ನೆಲ್ಲ ಕೂಡಿಸಿದ್ದರು. ಯುರೋಪಿನ ಹತ್ತಾರು ಸರಕಾರಗಳು ಒಟ್ಟಿಗೆ ಕೂತು ಆಟಕ್ಕೆಂದೇ ಒಂದು ನೀತಿಯನ್ನು ಒಪ್ಪಿಕೊಂಡಿವೆ, ಅದನ್ನು ತಿಳಿಸಲು, ಇಲ್ಲಿ ಹೇಗಿದೆಯೆಂದು ತಿಳಿದುಕೊಳ್ಳಲು ಆ ಕಡೆಯ ಇಬ್ಬರು ಬಂದಿದ್ದಾರೆ ಎಂದು ಹೇಳಲಾಗಿತ್ತು. ಇಬ್ಬರಲ್ಲಿ ಒಬ್ಬಳು ನರೆತ ಕೂದಲಿನ ಹೆಣ್ಣುಮಗಳು. ಮದುವೆಯ ಮಂಟಪದ ಜರಿಯ ಕುರ್ಚಿಯ ಮೇಲೆ ಕೂತು, ಹಿಂದಿನ ದಿನದ ಹೂವು ಕಾಲಲ್ಲಿ ಸಿಕ್ಕಿದ್ದನ್ನು ಹೆಕ್ಕಿ ಮೇಜಿನ ಮೇಲಿಟ್ಟು ಮಾತು ಶುರು ಮಾಡಿದಳು. ನಮ್ಮ ದೇಶಗಳು ತಲೆತಲಾಂತರದಿಂದ ಒಂದನ್ನೊಂದು ಸುಟ್ಟುಕೊಂಡು ಬಂದವು. ಈಗ ಅವೇ ದೇಶಗಳವರು ಒಂದು ಮೇಜಿನ ಸುತ್ತ ಕೂತು, ಮಗುವಿನ ಹೆಗಲ ಮೇಲೆ ಮಾಸ್ತರ ಯಾವಾಗ ಕೈಯಿಡಬಹುದು ಎಂದು ದಿನಗಟ್ಟಲೆ ಜಗಳಾಡುತ್ತೇವೆ ಎಂದು ನಕ್ಕಳು. ಒಂದು ದೇಶ 'ಕಾರಣವಿಲ್ಲದೆ' ಎಂದು ಬರೆಯಿರಿ ಎಂದಿತಂತೆ, ಇನ್ನೊಂದು 'ಕೇಳದೆ' ಎಂದು ಹಟ ಹಿಡಿಯಿತಂತೆ. ಆ ಒಂದು ಪದಕ್ಕಾಗಿ ಚಳಿಗಾಲವೊಂದು ಕಳೆಯಿತಂತೆ. ಪಕ್ಕದಲ್ಲಿ ನಿಂತು ಕನ್ನಡ ಮಾಡುತ್ತಿದ್ದವನು ಅದನ್ನೆಲ್ಲ ಒಂದೇ ಸಾಲಿಗೆ ಇಳಿಸಿ, ಕೇಳದೆ ಮುಟ್ಟಬಾರದು ಎಂದ. ಹಿಂದಿನ ಸಾಲಿನಿಂದ ಯಾರೋ, ಕೇಳಿ ಮುಟ್ಟುವುದಾದರೆ ಕಬಡ್ಡಿ ಹೇಗಾಡಬೇಕು ಎಂದಾಗ ಮಂಟಪವೆಲ್ಲ ನಕ್ಕಿತು. ಆಕೆಗೂ ಅರ್ಥವಾಗಿ ಆಕೆಯೂ ನಕ್ಕು, ಅಂಕಣಕ್ಕೆ ಇಳಿದವಳು ಒಪ್ಪಿಯೇ ಇಳಿದಿರುತ್ತಾಳೆ, ಆದರೆ ಮಾಸ್ತರ ಆ ಆಟದೊಳಗಿನವನಲ್ಲ ಎಂದಳು. ಶರಣಕುಮಾರ ನಗಲಿಲ್ಲ. ಆ ಮಾತು ಅವನಿಗೆ ನಸುಕಿನಲ್ಲಿ ಕೇಳಿದ ದೇವರ ಪದದ ಹಾಗೆ ಒಳಗೆ ಇಳಿದುಹೋಯಿತು.

ನಸುಕಿನ ಪದಗಳೆಂದರೆ ಅವನಿಗೆ ಮಾಣಿಕನಗರದ ಮನೆ, ತಾಯಿ ರುಕ್ಮಿಣಿಬಾಯಿ. ಬಾವಿಯಿಂದ ಎರಡು ಕೊಡ ಮೈಮೇಲೆ ಸುರಿದುಕೊಂಡು ಒದ್ದೆ ಸೀರೆಯಲ್ಲೇ ದೇವರ ಮುಂದೆ ಕೂತು ಆಕೆ ಪದ ಹೇಳುತ್ತಿದ್ದಳು. ಎದ್ದು ಕಣ್ಣುಜ್ಜುತ್ತ ಬಂದ ಇವನು ಮಡಿಲಿಗೆ ಬೀಳಲು ಹೋದರೆ ಪದ ನಿಲ್ಲಿಸದೆಯೇ ಕೈಯೆತ್ತಿ ತಡೆಯುತ್ತಿದ್ದಳು. ಮುಟ್ಟಬ್ಯಾಡ ಕಂದಾ, ಮಡಿಯಾಗಿದ್ದೀನಿ. ಇವನು ಒಂದು ಗೇಣು ದೂರದಲ್ಲಿ, ಹೊಸ್ತಿಲಿಗೆ ಬೆನ್ನು ಕೊಟ್ಟು ಕೂಡುತ್ತಿದ್ದ. ಆ ಗೇಣು ಜಾಗದಲ್ಲಿ ಒದ್ದೆ ಬಟ್ಟೆಯ ತಂಪಿತ್ತು, ಊದುಬತ್ತಿಯ ಹೊಗೆಯಿತ್ತು, ಕೈ ದಾಟಲಾರದ್ದನ್ನು ಧ್ವನಿ ದಾಟಿ ಬಂದು ಇವನನ್ನು ತಬ್ಬಿಕೊಳ್ಳುತ್ತಿತ್ತು. ಮುಟ್ಟಬ್ಯಾಡ ಎಂಬ ಮಾತಿನಲ್ಲಿ ನೋವಿರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಅದು ಪ್ರೀತಿಯ ಮಾತು, ತಾಯಿ ಆಡುವ ಮಾತು. ಯುರೋಪಿನ ಆ ಹೆಣ್ಣುಮಗಳು ಹೇಳಿದಾಗಲೂ ಅವನ ಕಿವಿಗೆ ಬಿದ್ದದ್ದು ಅದೇ ಒದ್ದೆ ಧ್ವನಿ. ಮರುದಿನವೇ ಅವನು ಮಂಠಾಳದ ಮೈದಾನದಲ್ಲಿ ಹೊಸ ರೂಢಿ ಹಾಕಿದ. ಬೆನ್ನು ಚಪ್ಪರಿಸುವ ಮುಂಚೆ, ಮೊಣಕಾಲಿನ ಪಟ್ಟಿ ಕಟ್ಟುವ ಮುಂಚೆ, ಕೈಯನ್ನು ಒಂದು ಗೇಣು ಇತ್ತಲೇ ನಿಲ್ಲಿಸಿ, ಮುಟ್ಟಲೇನವ್ವಾ ಎಂದು ಕೇಳುವುದು. ಮೊದಲ ದಿನ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮುಟ್ಟು ಎಂಬ ಪದಕ್ಕೆ ಹೆಣ್ಣುಮಕ್ಕಳಲ್ಲಿ ಇನ್ನೊಂದು ಅರ್ಥವಿದೆಯೆಂಬುದು ಅವನ ನಾಲಗೆ ಅದನ್ನು ಆಡಿದ ಮೇಲೆಯೇ ಅವನಿಗೆ ನೆನಪಾಗಿ, ಕಿವಿ ಕೆಂಪಾಗಿ, ಸೀಟಿಯನ್ನು ಬಾಯಿಗಿಟ್ಟುಕೊಂಡು ಸುಮ್ಮನೆ ಊದಿದ. ವಾರದೊಳಗೆ ಅವನ ಹೆಸರೇ ಮುಟ್ಟಲೇನವ್ವಾ ಸರ ಎಂದಾಯಿತು. ಬೇರೆ ಮಾಸ್ತರರು ಚಹಾದ ಕಪ್ಪು ಕೊಡುವಾಗಲೂ, ಮುಟ್ಟಲೇನಪ್ಪಾ ಎಂದು ಛೇಡಿಸಿದರು. ಅವನು ತಡೆದುಕೊಂಡ. ತಡೆದುಕೊಳ್ಳುವುದರಲ್ಲಿ ಒಂದು ಹೆಮ್ಮೆಯೂ ಇತ್ತು.

ಇವತ್ತು ಹುಮನಾಬಾದಿನಲ್ಲಿ ಎರಡನೆಯ ಸಭೆ. ಆ ಇಬ್ಬರೂ ಮತ್ತೆ ಬಂದಿದ್ದರು. ಮಾಸ್ತರರು ತಮ್ಮ ತಮ್ಮ ಊರಿನ ಅನುಭವ ಹೇಳಬೇಕು, ಎಲ್ಲರಿಗಿಂತ ಮೊದಲು ಮಂಠಾಳದ ಶರಣಕುಮಾರ. ಅವನು ಹೇಳಿದ್ದನ್ನು ಅವರು ಹೊತ್ತುಕೊಂಡು ಹೋಗಿ ಆ ಸರಕಾರಗಳ ಮೇಜಿನ ಮೇಲೆ ಇಡುತ್ತಾರಂತೆ. ಮಂಠಾಳ ಎಂಬ ಹೆಸರನ್ನು ಆ ನಾಲಗೆಗಳು ಹೇಗೆ ಉಚ್ಚರಿಸಿಯಾವು ಎಂದು ಬೆಳಗಿನಿಂದ ಎಷ್ಟೋ ಸಲ ಯೋಚಿಸಿ, ಆ ಯೋಚನೆಗೆ ತಾನೇ ನಾಚಿಕೊಂಡಿದ್ದ. ಹೆಂಡತಿ ಐಶ್ವರ್ಯ ಇಸ್ತ್ರಿ ಮಾಡಿದ ಅಂಗಿ ಕೈಗಿಡುತ್ತ, ಅಷ್ಟು ದೊಡ್ಡ ಮಂದಿ ಮುಂದ ಏನ್ ಹೇಳ್ತೀರಿ ಎಂದಿದ್ದಳು. ಎಲ್ಲ ಚಲೋ ನಡದದ ಅಂತೀನಿ ಎಂದಿದ್ದ. ಎಲ್ಲ ಚಲೋ ನಡೆದಿರಲಿಲ್ಲ. ವಿಶಾಖಾ ಬರುವುದನ್ನು ಬಿಟ್ಟಿದ್ದಳು. ಭೀಮನಗರದ ಓಣಿಯ ಹುಡುಗಿ, ಒಂಬತ್ತನೆಯ ಇಯತ್ತೆ. ಎದುರಿನ ಅಂಕಣಕ್ಕೆ ಹೋದರೆ ಬೆಕ್ಕು ಹೊಕ್ಕ ಹಾಗೆ, ಸದ್ದೇ ಇಲ್ಲ, ಹೊರಬಂದಾಗಲಷ್ಟೇ ಯಾರು ಯಾರು ಔಟಾದರೆಂದು ತಿಳಿಯುವುದು. ಬರುವ ವಾರ ಜಿಲ್ಲೆಯ ತಂಡಕ್ಕೆ ಆಯ್ಕೆ. ಅವಳಿಲ್ಲದೆ ಹೋದರೆ ತಂಡ ಹೋಗಿ ಸೋತು ಬರುವುದು, ಅಷ್ಟೇ ಅಲ್ಲ, ಅವಳ ಆಟ ಅಲ್ಲಿಗೇ ಮುಗಿಯುವುದು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಿಟ್ಟ ಹುಡುಗಿಯರು ಮರಳಿ ಬಂದದ್ದನ್ನು ಅವನು ನೋಡಿರಲಿಲ್ಲ. ಹೆಡ್‌ಮಾಸ್ತರರು ಕೇಳಿದಾಗ ಹೊಲದಲ್ಲಿ ಉದ್ದಿನ ರಾಶಿ ನಡೆದಿದೆಯಂತೆ ಎಂದು ಸುಳ್ಳೇ ಹೇಳಿದ್ದ. ಅವಳ ಮನೆಗೆ ಹೋಗಿ ಕೇಳಬೇಕೆಂದು ದಿನವೂ ಅಂದುಕೊಂಡು, ದಿನವೂ ಕೊನೆಯ ಬಸ್ಸಿನ ನೆಪ ಹೇಳಿಕೊಂಡು ಬಸವಕಲ್ಯಾಣಕ್ಕೆ ಮರಳಿದ್ದ.

ಬಸ್ಸು ತುಂಬಿಕೊಂಡು ಹೊರಟಿತು. ಹೆಂಗಸರೇ ಹೆಚ್ಚು, ಕೈಯಲ್ಲಿ ಆಧಾರ ಕಾರ್ಡು ಹಿಡಿದವರು. ಕಂಡಕ್ಟರ್ ಕಾಸಿಂ ಎಲ್ಲರನ್ನೂ ಆಯಿ, ಅಕ್ಕಾ, ಬೇಟಿ ಎನ್ನುತ್ತ ಹಿಂದಕ್ಕೆ ಸರಿಸುತ್ತಿದ್ದ. ಆ ಗದ್ದಲದೊಳಗೆ ಬಾಗಿಲಿನ ಹತ್ತಿರ ಕಂಬ ಹಿಡಿದು ನಿಂತ ಮುದುಕಿಯನ್ನು ಶರಣಕುಮಾರ ಗುರುತಿಸಿದ್ದು ಅವಳ ಹಿಂದೆ ಅರ್ಧ ಮರೆಯಾಗಿದ್ದ ಜಡೆಯಿಂದ. ವಿಶಾಖಾ. ಮುದುಕಿ ಅವಳ ಅಜ್ಜಿ ಕಮಳಾಬಾಯಿ. ಕೂಲಿ ಮುಗಿಸಿ ಸಂಜೆ ಹುಲ್ಲಿನ ಹೊರೆ ಹೊತ್ತು ಮೈದಾನದ ಕಾಂಪೌಂಡಿನ ಬಳಿ ಮೊಮ್ಮಗಳಿಗಾಗಿ ಕಾಯುತ್ತಿದ್ದವಳು. ಈಗ ತಲೆಯ ಮೇಲೆ ಹೊರೆಯಿಲ್ಲ, ಬಗಲಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಅಂಟಿನುಂಡಿಯ ವಾಸನೆ ಬಸ್ಸಿನ ಡೀಸೆಲ್ಲನ್ನೂ ದಾಟಿ ಬರುತ್ತಿತ್ತು. ಯಾರೋ ಬಾಣಂತಿಯನ್ನು ನೋಡಲು ಹೊರಟಿರಬೇಕು. ಶರಣಕುಮಾರ ನಗಲು ನೋಡಿದ. ವಿಶಾಖಾ ತಲೆ ತಗ್ಗಿಸಿದಳು. ಕಮಳಾಬಾಯಿ ಅವನನ್ನು ನೋಡಿ, ನೋಡಿಯೂ ನೋಡದ ಹಾಗೆ ಕಣ್ಣನ್ನು ಕಿಟಕಿಯಾಚೆಯ ತೊಗರಿಯ ಹೊಲಕ್ಕೆ ತಿರುಗಿಸಿದಳು. ಅವನ ಬಲಗೈ ಚೀಲದ ಕೆಳಗೆ ಇನ್ನಷ್ಟು ಒಳಗೆ ಸರಿಯಿತು.

ಬಂಗ್ಲಾ ಕ್ರಾಸಿನಲ್ಲಿ ಹೆದ್ದಾರಿ ಸಿಕ್ಕಿತು. ಅವನ ಪಕ್ಕ ಕೂತಿದ್ದವನು ಅಲ್ಲಿ ಇಳಿದುಹೋದ. ಸೀಟು ಖಾಲಿಯಾಯಿತು, ಸರಿಯಾಗಿ ಕಮಳಾಬಾಯಿಯ ಮೊಣಕಾಲಿನ ಮುಂದೆ. ಶರಣಕುಮಾರ ಕಿಟಕಿಗೆ ಒತ್ತರಿಸಿ, ಬರ್ರಿ ಆಯಿ, ಕೂಡ್ರಿ ಎಂದ. ಅವಳು ಕೂಡಲಿಲ್ಲ. ಬಸ್ಸು ಹೊರಟು ಮೊದಲ ಹೊಯ್ದಾಟಕ್ಕೆ ಅವಳು ಕಂಬಕ್ಕೆ ಜೋತುಬಿದ್ದಳೇ ಹೊರತು ಸೀಟಿನ ಕಡೆ ವಾಲಲಿಲ್ಲ. ಹಿಂದೆ ನಿಂತಿದ್ದವರು ಆ ಖಾಲಿ ಜಾಗವನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದರು. ಒಂದು ಸೀಟು ಖಾಲಿಯಿದ್ದು ಯಾರೂ ಕೂಡದಿದ್ದರೆ ಅದು ತುಂಬಿದ ಬಸ್ಸಿನಲ್ಲಿ ಹೇಗೆ ಕಾಣುತ್ತದೆ ಎಂಬುದು ಶರಣಕುಮಾರನಿಗೆ ಅಂದು ತಿಳಿಯಿತು; ಅದು ಅವನ ಪಕ್ಕದಲ್ಲಿ ಕೂತ ಒಬ್ಬ ಮನುಷ್ಯನ ಹಾಗೆ ಇತ್ತು. ಟಿಕೇಟಿನ ಮಶೀನು ಹಿಡಿದು ಬಂದ ಕಾಸಿಂ, ಜಾಗಾ ಇಟ್ಕೊಂಡು ಯಾಕ ನಿಂತಿ ಆಯಿ, ಕೂಡ ಎಂದ.

ಕಮಳಾಬಾಯಿ ಜೋರಾಗಿ ಹೇಳಲಿಲ್ಲ. ಕಾಸಿಂನಿಗಷ್ಟೇ ಕೇಳಲಿ ಎಂಬ ಹಾಗೆ ಹೇಳಿದಳು, ಅದಕ್ಕೇ ಎಲ್ಲರಿಗೂ ಕೇಳಿತು.

"ಇರ್ಲಿ ಬಿಡಪಾ. ಸರಗ ತಾಗ್ತದ. ಸರ ನಮ್ಮನ್ನ ಮುಟ್ಟಂಗಿಲ್ಲ."

ಮುಂದಿನ ಸೀಟಿನ ಹೆಂಗಸು ಪೂರ್ತಿ ತಿರುಗಿ ಅವನ ಮುಖ ನೋಡಿದಳು. ಕಾಸಿಂ ಮಾಸ್ತರನ ಇಸ್ತ್ರಿಯ ಅಂಗಿಯನ್ನು ನೋಡಿ ಮುಂದೆ ಹೋದ. ಶರಣಕುಮಾರ ಅರ್ಧ ಎದ್ದು, ಇಲ್ಲ, ಹಾಗಲ್ಲ ಎಂದ. ಯಾವುದು ಹಾಗಲ್ಲ ಎಂಬುದು ಇನ್ನೂ ಅವನಿಗೇ ತಿಳಿದಿರಲಿಲ್ಲ. ಕಮಳಾಬಾಯಿ ಹೊಲವನ್ನೇ ನೋಡುತ್ತ, ದೂರೂ ಅಲ್ಲದ ಸಿಟ್ಟೂ ಅಲ್ಲದ ಧ್ವನಿಯಲ್ಲಿ ತಾನು ಕಂಡದ್ದನ್ನು ಹೇಳಿದಳು. ಅವತ್ತು ಹುಡುಗಿಯರು ಸಾಲಾಗಿ ನಿಂತಿದ್ದರು. ಸರ ಒಬ್ಬೊಬ್ಬರ ಹತ್ತಿರ ಹೋಗಿ ಬೆನ್ನು ಚಪ್ಪರಿಸಿದರು. ಗೌಡರ ಹುಡುಗಿಗೆ ಚಪ್ಪರಿಸಿದರು, ಕಿರಾಣಿ ಅಂಗಡಿಯವರ ಹುಡುಗಿಗೆ ಚಪ್ಪರಿಸಿದರು. ತನ್ನ ಪೋರಿಯ ಹತ್ತಿರ ಬಂದರು, ಕೈ ಚಾಚಿದರು, ತನ್ನ ಕಡೆ ಒಮ್ಮೆ ನೋಡಿದರು, ಕೈ ಹಿಂದಕ್ಕೆ ತಗೊಂಡರು. ಎಲ್ಲರಿಗಿಂತ ಹೆಚ್ಚು ಅವಳೇ ಗೆದ್ದಿದ್ದಳಲ್ಲವೇ ಅವತ್ತು.

"ನಮ್ಮ ಅವ್ವನ ಕಾಲದಾಗ ನೀರು ಮ್ಯಾಲಿಂದ ಹಾಕ್ತಿದ್ರು. ನಮ್ಮ ಕಾಲದಾಗ ಬ್ಯಾರೆ ಕಪ್ಪು ಇಡ್ತಿದ್ರು. ಇದು ಹೊಸಾ ತರಾ ಅದ, ಕೈ ಚಾಚಿ ಹಿಂದಕ್ಕ ತಗೊಳೂದು. ಪೋರಿಗಿ ತಿಳಿಯಂಗಿಲ್ಲರಿ, ನನಗ ತಿಳೀತದ," ಎಂದಳು.

ಅವನು ವಿವರಿಸಿದ. ಹೇಗೆ ವಿವರಿಸಿದನೆಂದು ಆಮೇಲೆ ನೆನೆದರೆ ಅವನಿಗೇ ನಗು ಬರುವಂತಿತ್ತು. ಹೆದ್ದಾರಿಯ ಮೇಲೆ, ಲಾರಿಗಳ ಹಾರ್ನಿನ ನಡುವೆ, ಅಂಟಿನುಂಡಿಯ ಡಬ್ಬಿ ಹಿಡಿದು ನಿಂತ ಮುದುಕಿಗೆ ಅವನು ಯುರೋಪಿನ ಸರಕಾರಗಳನ್ನು ಒಂದೊಂದಾಗಿ ತಂದು ನಿಲ್ಲಿಸಿದ. ಅವು ಮೊದಲು ಯುದ್ಧ ಮಾಡುತ್ತಿದ್ದವು, ಈಗ ಕೂಡಿ ಕೂತಿವೆ, ಮಕ್ಕಳಿಗೆ ಆಟದಲ್ಲಿ ಯಾರಿಂದಲೂ ಕೆಟ್ಟದ್ದಾಗಬಾರದೆಂದು ಎಲ್ಲರೂ ಒಪ್ಪಿ ಒಂದು ಮಾತು ಮಾಡಿಕೊಂಡಿವೆ, ಮಾಸ್ತರನಾದವನು ಮಗುವನ್ನು ಕೇಳದೆ ಮುಟ್ಟಬಾರದು ಎಂದು. ಅದು ಎಲ್ಲ ಹುಡುಗಿಯರಿಗೂ ಒಂದೇ. ಜಾತಿಯ ಮಾತಲ್ಲ. ಅವರ ಕಡೆಯವರು ಹುಮನಾಬಾದಿಗೆ ಬಂದಿದ್ದಾರೆ, ಇವತ್ತು ಅವರನ್ನೇ ಕಾಣಲು ಹೊರಟಿದ್ದೇನೆ. ಕಮಳಾಬಾಯಿ ಎಲ್ಲವನ್ನೂ ಕೇಳಿದಳು. ಕೇಳಿ, ಇದೇ ಮೊದಲ ಸಲ ಅವನ ಕಡೆ ನೋಡಿದಳು. ಅವಳ ಕಣ್ಣಿನ ಅಂಚಿನಲ್ಲಿ ಏನೋ ನಗೆಯಂಥದು ಇತ್ತು.

"ಅಷ್ಟು ಸರ್ಕಾರ ಕೂಡಿ ಮುಟ್ಟಬ್ಯಾಡ ಅಂತ ಹೇಳಬೇಕಾತೇನ್ರಿ? ನಮ್ಮೂರಾಗ ಅದಕ್ಕ ಒಂದು ಸರ್ಕಾರನೂ ಬೇಕಾಗಿರ್ಲಿಲ್ಲ ನೋಡ್ರಿ."

ಮುಂದಿನ ಸೀಟಿನ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು. ಶರಣಕುಮಾರನಿಗೂ ನಗು ಬಂದು, ಬಂದ ನಗು ನಡುದಾರಿಯಲ್ಲೇ ನಿಂತಿತು. ಒದ್ದೆ ಸೀರೆಯ ತಾಯಿ ಕೈಯೆತ್ತಿ ತಡೆದದ್ದು ಕಣ್ಣ ಮುಂದೆ ಬಂತು; ಅದೇ ಮನೆಯ ಹಿತ್ತಿಲ ಬಾಗಿಲಲ್ಲಿ ಸೌದೆ ಹಾಕಲು ಬಂದವಳಿಗೆ ಅದೇ ಕೈ, ಅದೇ ಮಾತು, ಅದೇ ಪದದ ನಡುವೆ. ಅವಳಿಗೆ ಮಾತ್ರ ಕಂದಾ ಎಂಬುದು ಇರಲಿಲ್ಲ. ಇಷ್ಟು ದಿನ ಆ ಹೆಂಗಸು ಅವನ ನೆನಪಿನ ನಸುಕಿನಲ್ಲಿ ಇರಲೇ ಇಲ್ಲ. ಈಗ ಬಂದು ನಿಂತಳು. ತಾಯಿಯ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಈಗಲೂ ಆ ಧ್ವನಿ ನೆನೆದರೆ ಎದೆ ತಂಪಾಗುತ್ತಿತ್ತು, ಅದೇ ಅವನನ್ನು ಹೆಚ್ಚು ಕಂಗೆಡಿಸಿತು. ಒಂದೇ ಬಾಯಿಯ ಒಂದೇ ಮಾತು ಒಬ್ಬನಿಗೆ ಜೋಗುಳ, ಒಬ್ಬಳಿಗೆ ಬಾಗಿಲು. ಹಾಗಾದರೆ ಅವತ್ತು ಮೈದಾನದಲ್ಲಿ ತನ್ನ ಕೈ ನಿಂತಾಗ ಅದು ಯಾವ ಮಾತನ್ನು ಕೇಳಿ ನಿಂತಿತು? ಅವನಿಗೆ ಆ ಸಂಜೆ ನೆನಪಾಯಿತು. ಗೇಣು ದೂರದಲ್ಲಿ ಕೈ. ಕಾಂಪೌಂಡಿನ ಆಚೆ ಹುಲ್ಲಿನ ಹೊರೆಯ ಕೆಳಗೆ ಮುದುಕಿಯ ಕಣ್ಣು. ಆಮೇಲೆ ಕೈ ಹಿಂದೆ ಬಂದದ್ದು. ಯಾಕೆ ಬಂತು? ಅವನು ಆ ಕ್ಷಣದೊಳಕ್ಕೆ ಎಷ್ಟು ಇಣುಕಿದರೂ ಸಾಸಿವೆಯಷ್ಟು ಕತ್ತಲೆಯೊಂದು ಅಲ್ಲಿ ಉಳಿಯುತ್ತಿತ್ತು.

"ಆಯಿ," ಎಂದಳು ವಿಶಾಖಾ.

ಇಬ್ಬರು ದೊಡ್ಡವರೂ ಅವಳ ಬೆನ್ನಿನ ಬಗ್ಗೆ ಇಷ್ಟೆಲ್ಲ ಮಾತಾಡುತ್ತಿದ್ದಾಗ ಅವಳು ಅಲ್ಲೇ, ಆ ಬೆನ್ನನ್ನು ಹೊತ್ತುಕೊಂಡೇ ನಿಂತಿದ್ದಳು. ಕಮಳಾಬಾಯಿ, ನೀ ಸುಮ್ಮನಿರು ಎಂದಳು. ವಿಶಾಖಾ ಸುಮ್ಮನಿರಲಿಲ್ಲ. ಅಜ್ಜಿಯ ಡಬ್ಬಿಯನ್ನು ತಾನು ತೆಗೆದುಕೊಂಡು, ಅದರ ಗಂಟನ್ನು ಬೆರಳಿನಿಂದ ಉಜ್ಜುತ್ತ ಹೇಳಿದಳು.

"ನಾನಽ ಬ್ಯಾಡ ಅಂದಿದ್ದೆ."

"ಏನಂದಿ?"

"ಸರ ಮುಟ್ಟಲೇನವ್ವಾ ಅಂದ್ರು. ಎಲ್ಲಾರೂ ಹೂಂ ಹೂಂ ಅಂತಿದ್ರು. ನಾ ಬ್ಯಾಡ್ರಿ ಅಂದೆ. ಸುಮ್ಮನ. ಅಂದ್ರ ಏನಾಗ್ತದ ನೋಡೂಣಂತ."

"ಏನಾತು?"

"ತಗದ್ರು ಕೈ."

ಕಮಳಾಬಾಯಿ ಅವಳನ್ನು ನೋಡಿದಳು. ಇವಳನ್ನು ಯಾರು ಹೆತ್ತರು ಎಂದು ಕೇಳುವ ಹಾಗಿತ್ತು ಆ ನೋಟ. ಮತ್ತೆ ಮೊದಲಿಂದ ವಿಚಾರಿಸಿದಳು, ಒಂದೊಂದೇ ತುಂಡು: ನೀ ಅಂದದ್ದು ಖರೆ? ಬಾಯಿ ಬಿಟ್ಟು ಅಂದಿಯೋ, ಮನಸಿನಾಗ ಅಂದಿಯೋ? ಸಿಟ್ಟಾಗಲಿಲ್ಲ ಅವರು? ಬಯ್ಯಲಿಲ್ಲ? ಇಲ್ಲ ಎಂದಳು ವಿಶಾಖಾ; ಹೂಂನವ್ವಾ ಅಂತಂದು ಬಾಜೂಕಿನವಳ ಹತ್ತಿರ ಹೋದರು, ಅಷ್ಟೇ. ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ನೀ ಕೇಳಿದ್ದೆಲ್ಲಿ, ಇನ್ನ ಹೋಗಬ್ಯಾಡ ಅಂದಿ, ನಾ ಸರಗ ಬ್ಯಾಡ ಅಂದಿದ್ದು ತಪ್ಪಾತೇನೋ ಅಂತ ಹೆದರಿದೆ ಎಂದಳು. ಮುದುಕಿ ಕಂಬವನ್ನು ಬಿಟ್ಟು ಸೀಟಿನ ಬೆನ್ನನ್ನು ಹಿಡಿದು ಶರಣಕುಮಾರನ ಕಡೆ ಬಾಗಿದಳು. ಅವಳ ಉಸಿರಿನಲ್ಲಿ ಎಲೆಯಡಿಕೆ ಇತ್ತು.

"ಖರೇನ್ರಿ ಸರ?"

ಹೌದ್ರಿ ಎಂದುಬಿಟ್ಟರೆ ಮುಗಿಯುತ್ತಿತ್ತು. ಹುಡುಗಿ ಸೋಮವಾರ ಮೈದಾನದಲ್ಲಿರುತ್ತಿದ್ದಳು. ಅವನು ಹೌದ್ರಿ ಎನ್ನಲು ಬಾಯಿ ತೆರೆದ. ಬ್ಯಾಡ್ರಿ ಎಂಬ ಆ ಸಣ್ಣ ಧ್ವನಿ ಈಗ ಅವನಿಗೂ ಕೇಳಿಸಿತು, ಅವತ್ತು ಗಾಳಿಯಲ್ಲಿ ಇದ್ದದ್ದು. ಆದರೆ ಕೈ ಅದಕ್ಕಿಂತ ಮೊದಲೇ ಹೊರಟಿತ್ತೇ? ಆ ಕಣ್ಣು ಕಂಡ ಕೂಡಲೇ, ತಾನು ಹುಟ್ಟುವ ಮೊದಲಿನ ಯಾವುದೋ ಹಿತ್ತಿಲ ಬಾಗಿಲು ಒಳಗೆ ಮುಚ್ಚಿಕೊಂಡಿತ್ತೇ?

"ಅಕಿ ಬ್ಯಾಡ ಅಂದಿದ್ದು ಖರೆ ಅದ ಆಯಿ. ನಾ ಕೈ ತಗದಿದ್ದೂ ಖರೆ ಅದ," ಎಂದ. "ಯಾವ್ದು ಮೊದ್ಲು ಅಂತ ನನಗ ನೆನಪಾಗವಲ್ದು. ಸುಳ್ಳು ಹೇಳಬಾರ್ದು," ಎಂದ.

ಅವನನ್ನು ಕಮಳಾಬಾಯಿ ನೋಡಿದ ರೀತಿಯಲ್ಲಿ, ಸಂತೆಯಲ್ಲಿ ಜೋಳವನ್ನು ಅಂಗೈಯಲ್ಲಿ ಹರಡಿ ಊದುವವಳ ತಾಳ್ಮೆಯಿತ್ತು. ಬಸ್ಸು ರಾಜೇಶ್ವರ ಊರನ್ನು ದಾಟಿತು. ಶರಣಕುಮಾರ ವಿಶಾಖಾಳ ಕಡೆ ನೋಡಲಾರದೆ ತನ್ನ ಚೀಲದ ಜಿಪ್ಪನ್ನು ನೋಡುತ್ತಿದ್ದ.

"ನಾ ಮೊದ್ಲು," ಎಂದಳು ವಿಶಾಖಾ.

ಅಷ್ಟು ಖಚಿತವಾಗಿ ಹೇಳಿದಳು, ಮೈದಾನದಲ್ಲಿ ಅಂಪೈರು ತಪ್ಪು ಹೇಳಿದಾಗ ಗೆರೆಯ ಮೇಲೆ ಕಾಲೂರಿ ಹೇಳುವ ಹಾಗೆ. ಶರಣಕುಮಾರ ತಲೆಯೆತ್ತಿದ. ಹುಡುಗಿ ನೇರ ಅವನ ಕಣ್ಣನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದನ್ನು ಹೇಳಿದಳೋ, ಅವನಿಗೆ ಬೇಕಾಗಿದ್ದದ್ದನ್ನು ಕೊಟ್ಟಳೋ, ಅವನಿಗೆ ತಿಳಿಯಲಿಲ್ಲ. ತಿಳಿಯುವುದೂ ಇಲ್ಲ ಎಂದು ಅನ್ನಿಸಿತು. ಹದಿನಾಲ್ಕರ ಹುಡುಗಿಯೊಬ್ಬಳು ಅವನ ಬೆನ್ನಿನ ಮೇಲೆ ಒಂದು ಪೆಟ್ಟು ಹೊಡೆದು, ಹೋಗಲಿ ಬಿಡ್ರಿ ಸರ, ನಾಳೆ ತಪ್ಪಿಸಬ್ಯಾಡ್ರಿ ಎಂದ ಹಾಗಾಯಿತು. ಅವನ ಕಣ್ಣು ತುಂಬಿ ಬಂದದ್ದನ್ನು ಕಿಟಕಿಯ ಗಾಳಿಯ ಮೇಲೆ ಹಾಕಿ ಒರೆಸಿಕೊಂಡ.

ಕಮಳಾಬಾಯಿ ಕೂತಳು. ಸರೀರಿ ಜರಾ ಎನ್ನುತ್ತ, ಇಡೀ ಭಾರ ಬಿಟ್ಟು ಕೂತಳು; ಅವಳ ತೋಳು ಅವನ ತೋಳಿಗೆ, ಮೊಣಕಾಲು ಅವನ ಚೀಲಕ್ಕೆ ಒತ್ತಿತು. ಕೂತು, ಮೊಮ್ಮಗಳ ಕೈಯಿಂದ ಡಬ್ಬಿಯನ್ನು ಮರಳಿ ತೆಗೆದು ಮಡಿಲಿಗಿಟ್ಟುಕೊಂಡಳು. ಆಮೇಲೆ ತನ್ನಷ್ಟಕ್ಕೆ, ನಮ್ಮ ಮನಿ ಪೋರಿ ಅಂದ್ಳು, ಅವ್ರು ತಗದ್ರು ಎಂದಳು. ಮತ್ತೊಮ್ಮೆ ಎಂದಳು. ಆ ಎರಡು ತುಂಡುಗಳನ್ನು ಅವಳು ನಾಲಗೆಯ ಮೇಲೆ ಹೊರಳಿಸಿ ನೋಡುತ್ತಿದ್ದಳು, ಇಷ್ಟು ವಯಸ್ಸಿನಲ್ಲಿ ಸಿಕ್ಕ ಹೊಸ ಕಾಯಿಯೊಂದರ ರುಚಿಯನ್ನು ನೋಡುವ ಹಾಗೆ. ಹುಟ್ಟಿದಾಗಿನಿಂದ ಮುಟ್ಟಬ್ಯಾಡ ಎಂಬ ಮಾತು ಆಚೆಯ ದಂಡೆಯಿಂದಲೇ ಬಂದದ್ದು; ಈಚೆಯ ದಂಡೆಯಿಂದ ಯಾರೂ ಅದನ್ನು ಆಡಿರಲಿಲ್ಲ, ಆಡಿದರೆ ಯಾರೂ ಕೇಳುತ್ತಿರಲಿಲ್ಲ. ಮುಂದಿನ ಸೀಟಿನ ಹೆಂಗಸಿಗೆ ತಡೆಯಲಾಗದೆ, ಏನಾತಂತ ಹೇಳ್ರಿ ಮತ್ತೊಮ್ಮಿ ಎಂದು ತಿರುಗಿ ಕೂತಳು. ಕಮಳಾಬಾಯಿ ಮೊಮ್ಮಗಳ ರಟ್ಟೆಯನ್ನು ತಿವಿದು, ಹೇಳವ್ವಾ ಅಕಿಗಿ ಎಂದಳು. ವಿಶಾಖಾ ಹೇಳಿದಳು. ಈ ಸಲದ ಹೇಳಿಕೆಯಲ್ಲಿ ಹುಡುಗಿಯರ ಸಾಲು ಉದ್ದವಾಗಿತ್ತು, ಅವಳ ಬ್ಯಾಡ್ರಿ ಮೈದಾನದ ಆ ತುದಿಗೂ ಕೇಳುವಷ್ಟು ಗಟ್ಟಿಯಾಗಿತ್ತು, ಸರನ ಕೈ ಬಿಸಿ ಹಂಚು ಮುಟ್ಟಿದ ಹಾಗೆ ಹಿಂದಕ್ಕೆ ಬಂದಿತ್ತು. ಹಿಂದಿನಿಂದ ಇನ್ನಿಬ್ಬರು ಕುತ್ತಿಗೆ ಚಾಚಿದರು. ಕಾಸಿಂ ಟಿಕೇಟು ಹರಿಯುವುದನ್ನು ಬಿಟ್ಟು ಕಂಬಕ್ಕೆ ಒರಗಿ ನಿಂತ. ಶರಣಕುಮಾರ, ಪದ ಹೇಳುವವರ ಹಿಂದೆ ಕೂತವರು ತಲೆದೂಗುವಂತೆ, ಸರಿಯಾದ ಜಾಗದಲ್ಲಿ ತಲೆದೂಗಿದ.

ಬಸ್ಸು ಹುಮನಾಬಾದಿನ ಒಳಗೆ ಬಂದು ಆಟೋಗಳ ನಡುವೆ ತಿಣುಕತೊಡಗಿದಾಗ ಕಮಳಾಬಾಯಿ, ಸೋಮಾರ ಕಳಸ್ತೀನ್ರಿ ಎಂದಳು. ಅವನು ಹೂಂ ಎಂದ. ಇವತ್ತು ಆ ದೇಶಗಳ ಮಂದಿಯ ಮುಂದೆ ನೀವು ಮಾತಾಡವರೇನು ಎಂದು ಕೇಳಿದಳು. ಹೌದ್ರಿ ಎಂದ. ಅವಳು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು.

"ಹಂಗಿದ್ರ ಆ ಸರ್ಕಾರಗೋಳಿಗಿ ಇದನ್ನ ಹೇಳ್ರಿ. ಮಂಠಾಳದಾಗ ಒಂದು ಪೋರಿ ಬ್ಯಾಡ ಅಂದ್ಳು ಅಂತ. ಹೆಸರು ಹಚ್ಚಿ ಹೇಳ್ರಿ, ಸುಮ್ಮನ ಒಬ್ಬಾಕಿ ಅನಬ್ಯಾಡ್ರಿ. ಯಾರ ಪೈಕಿ ಅಂತ ಕೇಳಿದ್ರ, ಕಮಳಾಬಾಯಿ ಮೊಮ್ಮಗಳು ಅನ್ರಿ."